ಅಡುಗೆಮನೆಯ ಐದೂವರೆ ಇಂಚು

ನನ್ನ ಪಿಎಚ್‌.ಡಿ. ವಿಷಯ ಮಧ್ಯ ಕರ್ನಾಟಕದ ಹಳ್ಳಿಗಳಿಗೆ ರೇಡಿಯೊ ಮತ್ತು ಟಿ.ವಿ. ಬಂದ ಚರಿತ್ರೆ. ಈ ವಿಷಯದ ದೊಡ್ಡ ತೊಂದರೆ ದಾಖಲೆಗಳದ್ದು. ಸರ್ಕಾರದ ಕಡತಗಳಲ್ಲಿ ಟ್ರಾನ್ಸ್‌ಮಿಟರುಗಳು ಸಿಗುತ್ತವೆ, ಉಪಗ್ರಹಗಳು ಸಿಗುತ್ತವೆ. ಯಾವ ಮನೆಯ ಯಾವ ಮೂಲೆಯಲ್ಲಿ ಯಾರು ಟಿ.ವಿ. ಇಟ್ಟರು, ಅದಕ್ಕೆ ಯಾರ ದುಡ್ಡು ಹೋಯಿತು ಎಂಬುದು ಸಿಗುವುದಿಲ್ಲ. ಅದಕ್ಕೆಂದೇ ನಾನು ಬೇರೆ ಕಾಗದಗಳನ್ನು ಹುಡುಕತೊಡಗಿದೆ. ಮದುವೆಯ ಮುಯ್ಯಿ ಪಟ್ಟಿ, ಅಂಗಡಿಯ ಉದ್ರಿ ಪುಸ್ತಕ, ಮಹಿಳಾ ಸಂಘಗಳ ಲೆಕ್ಕದ ಪುಸ್ತಕ.

ಹಾಗೆ ಹುಡುಕುತ್ತ ಕಳೆದ ವರ್ಷ ನಮ್ಮೂರು ಲೋಕಿಕೆರೆಯಲ್ಲಿ ರಟ್ಟು ಕಿತ್ತುಹೋದ ಒಂದು ಉದ್ದನೆಯ ಪುಸ್ತಕ ಕೈಗೆ ಬಂತು. ಓಣಿಯ ಹೆಂಗಸರು ಸೇರಿ ನಡೆಸುತ್ತಿದ್ದ ಒಂದು ಉಳಿತಾಯ ಸಂಘದ್ದು. ಅದರಲ್ಲಿ 2003ರ ಜನವರಿಯ ಪುಟದಲ್ಲಿ ನಮ್ಮಜ್ಜಿಯ ಹೆಸರಿತ್ತು. ಹೆಸರಿನ ಮುಂದೆ ‘ಎಮ್ಮೆಗೆ ಹಿಂಡಿ, ಬೂಸಾ’ ಎಂದು ಬರೆದಿತ್ತು. ಅದರ ಮುಂದೆ 1,000 ರೂಪಾಯಿ. ಕೆಳಗೆ ಅಜ್ಜಿಯ ಹೆಬ್ಬೆಟ್ಟು.

ಓದಿ ಮುಂದೆ ಹೋಗಬೇಕಿತ್ತು, ಹೋಗಲಾಗಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. ಅವು ಬರದ ವರ್ಷಗಳು. ಮೇವು ಹೊಂದಿಸಲಾಗದೆ ಇದ್ದೊಂದು ಎಮ್ಮೆಯನ್ನು ಹಿಂದಿನ ಬೇಸಿಗೆಯಲ್ಲೇ ಮಾರಿದ್ದರು. ಅದು ಹೋಗುವಾಗ ಅಜ್ಜಿ ಅತ್ತಿದ್ದನ್ನು ಮನೆಯಲ್ಲಿ ಈಗಲೂ ಹೇಳುತ್ತಾರೆ. ಇಲ್ಲದ ಎಮ್ಮೆಗೆ ಸಾವಿರ ರೂಪಾಯಿಯ ಹಿಂಡಿ ಯಾಕೆ?

ಸಂಜೆ ರೊಟ್ಟಿ ತಟ್ಟುತ್ತಿದ್ದ ಅಜ್ಜಿಯನ್ನು ಕೇಳಿದೆ. ಅವಳು ಕೈ ನಿಲ್ಲಿಸಲಿಲ್ಲ. ಕತ್ತು ತಿರುಗಿಸಿ ಗೋಡೆಯ ಗೂಡಿನ ಕಡೆ ನೋಡಿದಳು. ಗೂಡಿನಲ್ಲಿ ಹಳೆ ಸೀರೆಯ ತುಂಡು ಹೊದ್ದು ಕೂತಿತ್ತು, ಅವಳ ಪುಟ್ಟ ಟಿ.ವಿ.

“ಅದಾ ಹಿಂಡಿ,” ಅಂದಳು.

*

ಆ ಟಿ.ವಿ.ಯನ್ನು ನೋಡದವರಿಗೆ ಅದರ ಅಳತೆ ಹೇಳಬೇಕು. ಪರದೆ ಮೂಲೆಯಿಂದ ಮೂಲೆಗೆ ಐದೂವರೆ ಇಂಚು. ಕಪ್ಪು-ಬಿಳುಪು. ಮೇಲೆ ಹಿಡಿಕೆ, ಹಿಂದೆ ಎಳೆದರೆ ಉದ್ದವಾಗುವ ಏರಿಯಲ್ಲು, ಮುಗ್ಗುಲಲ್ಲಿ ರೇಡಿಯೊದ ಮುಳ್ಳು. ಕರೆಂಟಿನಿಂದಲೂ ನಡೆಯುತ್ತಿತ್ತು, 12 ವೋಲ್ಟಿನ ಬ್ಯಾಟರಿಯಿಂದಲೂ ನಡೆಯುತ್ತಿತ್ತು. ಇಂಥ ಸೆಟ್ಟುಗಳು ತೊಂಬತ್ತರ ದಶಕದಿಂದ ಈಚೆಗೆ ಪೇಟೆಯ ಸಣ್ಣ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಫುಟ್‌ಪಾತುಗಳಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ದಾವಣಗೆರೆಯ ಗಡಿಯಾರ ಕಂಬದ ಹತ್ತಿರದ ಒಂದು ಅಂಗಡಿಯಲ್ಲಿ ಅಜ್ಜಿ ಇದನ್ನು ಕೊಂಡಳು. ಲಾರಿ ಡ್ರೈವರುಗಳು ಒಯ್ಯುವ ಟಿ.ವಿ. ಎಂದು ಅಂಗಡಿಯವನು ಹೇಳಿದನಂತೆ. ಪುಣೆ–ಬೆಂಗಳೂರು ರಸ್ತೆ ಊರ ನಡುವೆಯೇ ಹಾದುಹೋಗುವ ದಾವಣಗೆರೆಯಲ್ಲಿ ಆ ಮಾತಿಗೆ ಸಾಕ್ಷಿ ಬೇಕಿರಲಿಲ್ಲ. ಪ್ರಯಾಣಕ್ಕೆಂದು ಮಾಡಿದ ಸೆಟ್ಟು ಹೀಗೆ ಮನೆ ಬಿಟ್ಟು ಹೊರಗೆ ಹೋಗದ ಹೆಂಗಸಿನ ಪಾಲಿಗೆ ಬಂತು. ಮಂಡಕ್ಕಿ ಚೀಲದೊಳಗೆ ಅದನ್ನು ಹುದುಗಿಸಿಕೊಂಡು ಅವಳು ಬಸ್ಸಿನಲ್ಲಿ ಊರಿಗೆ ಬಂದಳು.

ಇಷ್ಟು ಸಣ್ಣ ಟಿ.ವಿ. ಸಾಧ್ಯವಾದದ್ದು ಹೇಗೆ ಎಂಬುದಕ್ಕೆ ಒಂದು ಚರಿತ್ರೆ ಇದೆ. ಮೊದಲ ಕಾಲದ ಟಿ.ವಿ.ಗಳ ಒಳಗೆ ಗಾಜಿನ ವಾಲ್ವುಗಳಿದ್ದವು. ಅವು ಕಾದು ಕೆಂಪಾಗಿ ಕೆಲಸ ಮಾಡುವಂಥವು. ವಿದ್ಯುತ್ತನ್ನು ಬಹಳ ಎಳೆಯುತ್ತಿದ್ದವು, ಜಾಗವನ್ನೂ ಬಹಳ ತಿನ್ನುತ್ತಿದ್ದವು. ವಾಲ್ವಿನ ಜಾಗಕ್ಕೆ ಟ್ರಾನ್ಸಿಸ್ಟರು ಬಂದ ಮೇಲೆ ಟಿ.ವಿ. ಬ್ಯಾಟರಿಯ ಮೇಲೆ ನಡೆಯುವಂತಾಯಿತು. 1959ರಲ್ಲಿ ಅಮೆರಿಕದ ಫಿಲ್ಕೊ ಕಂಪನಿ ‘ಸಫಾರಿ’ ಎಂಬ ಸೆಟ್ಟು ತಂದಿತು. ಎರಡು ಇಂಚಿನ ಟ್ಯೂಬಿನ ಚಿತ್ರವನ್ನು ಮಸೂರ, ಕನ್ನಡಿಗಳಿಂದ ದೊಡ್ಡದು ಮಾಡಿ ತೋರಿಸುವ ಯಂತ್ರ ಅದು. ಮರುವರ್ಷ ಜಪಾನಿನ ಸೋನಿ ಎಂಟು ಇಂಚಿನ ಟ್ರಾನ್ಸಿಸ್ಟರ್ ಟಿ.ವಿ.ಯನ್ನು ಮಾರಿತು. 1962ರಲ್ಲಿ ಅದನ್ನು ಐದು ಇಂಚಿಗೆ ಇಳಿಸಿತು. 1977ರಲ್ಲಿ ಇಂಗ್ಲೆಂಡಿನ ಸಿಂಕ್ಲೇರ್ ಎರಡು ಇಂಚಿನ ಪರದೆಯ ಟಿ.ವಿ. ತಂದಿತು, 1982ರಲ್ಲಿ ಸೋನಿಯ ‘ವಾಚ್‌ಮನ್’ ಅಂಗೈಗೆ ಬಂತು.

ಅಜ್ಜಿಯ ಸೆಟ್ಟು ಇದೇ ವಂಶದ ಬಡ ಮೊಮ್ಮಗಳು. ಬಣ್ಣದ ಟ್ಯೂಬಿಗೆ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಎಲೆಕ್ಟ್ರಾನ್ ಕಿರಣಗಳು ಬೇಕು. ಅವು ತಪ್ಪು ಚುಕ್ಕೆಗೆ ಬಡಿಯದಂತೆ ತಡೆಯಲು ಸಣ್ಣ ತೂತುಗಳ ಲೋಹದ ತೆರೆ ಬೇಕು. ಕಪ್ಪು-ಬಿಳುಪಿಗೆ ಒಂದೇ ಕಿರಣ ಸಾಕು. ಅದು ಪರದೆಯ ಮೇಲೆ ಸೆಕೆಂಡಿಗೆ ಸಾವಿರಾರು ಗೆರೆ ಎಳೆಯುತ್ತ ಚಿತ್ರ ಬರೆಯುತ್ತದೆ. ಬ್ಯಾಟರಿಯ 12 ವೋಲ್ಟನ್ನು ಒಳಗಿನ ಒಂದು ಪುಟ್ಟ ಟ್ರಾನ್ಸ್‌ಫಾರ್ಮರು ಸಾವಿರಾರು ವೋಲ್ಟಿಗೆ ಏರಿಸಿ ಆ ಕಿರಣವನ್ನು ಎಳೆದುಕೊಳ್ಳುತ್ತದೆ. ಕೆಲಸ ಸರಳ, ಬಿಡಿಭಾಗ ಕಡಿಮೆ, ಅದಕ್ಕೇ ಬೆಲೆಯೂ ಕಡಿಮೆ. ಜಗತ್ತೆಲ್ಲ ಬಣ್ಣಕ್ಕೆ ಹೊರಳಿದ ಎಷ್ಟೋ ವರ್ಷಗಳ ಮೇಲೂ ಈ ಸೆಟ್ಟುಗಳು ತಯಾರಾಗುತ್ತಲೇ ಇದ್ದದ್ದು ಇದೇ ಕಾರಣಕ್ಕೆ.

*

ಅಡುಗೆಮನೆಗೂ ಟಿ.ವಿ.ಗೂ ಇರುವ ಜಗಳ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಮನೆಗಳಿಗೆ ಟಿ.ವಿ. ಬಂದ ಬಗೆಯನ್ನು ಲಿನ್ ಸ್ಪೀಗಲ್ ಎಂಬ ವಿದ್ವಾಂಸೆ 1992ರಲ್ಲಿ ಬಂದ ‘ಮೇಕ್ ರೂಮ್ ಫಾರ್ ಟಿವಿ’ ಪುಸ್ತಕದಲ್ಲಿ ಬರೆದಿದ್ದಾರೆ. ಮನೆಗೆಲಸ ಮಾಡುವ ಹೆಂಗಸು ಕೂತು ಟಿ.ವಿ. ನೋಡುವುದು ಹೇಗೆ ಎಂಬ ಚಿಂತೆ ಅಲ್ಲಿನ ಉದ್ಯಮವನ್ನೂ ಪತ್ರಿಕೆಗಳನ್ನೂ ಕಾಡಿತ್ತಂತೆ. 1952ರಲ್ಲಿ ಒಂದು ಕಂಪನಿ ಟಿ.ವಿ.ಯನ್ನೇ ಕೂರಿಸಿದ ಒಲೆಯನ್ನು ಮಾರಾಟಕ್ಕೆ ತಂದಿತ್ತು. ಕೋಳಿ ಬೇಯುವುದನ್ನು ಒಂದು ಗಾಜಿನಲ್ಲಿ, ಕಾರ್ಯಕ್ರಮವನ್ನು ಇನ್ನೊಂದು ಗಾಜಿನಲ್ಲಿ ನೋಡಬಹುದಿತ್ತು. ಓದಿದಾಗ ನಕ್ಕಿದ್ದೆ. ಆಮೇಲೆ ಅಜ್ಜಿಯ ಗೂಡು ನೆನಪಾಯಿತು. ಒಲೆಯಿಂದ ಒಂದು ಮಾರು ದೂರ, ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣೆತ್ತಿದರೆ ಪರದೆ. ಕಂಪನಿ ಮಾಡಿದ ಲೆಕ್ಕವನ್ನೇ ಅವಳೂ ಮಾಡಿದ್ದಳು.

ನಮ್ಮಲ್ಲಿ ಟಿ.ವಿ. ಹುಟ್ಟಿದ್ದು ಮನೆಯ ವಸ್ತುವಾಗಿ ಅಲ್ಲ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗವಾಗಿ ಪ್ರಸಾರ ಆರಂಭವಾದಾಗ ಅದು ಸಮುದಾಯಕ್ಕೆ, ಶಾಲೆಗೆ ಪಾಠ ಹೇಳುವ ಸಾಧನವಾಗಿತ್ತು. ಕರ್ನಾಟಕದ ಹಳ್ಳಿಗಳು ಮೊದಲು ಟಿ.ವಿ. ಕಂಡದ್ದು ‘ಸೈಟ್’ ಎಂದು ಹೆಸರಾದ ಉಪಗ್ರಹ ಪ್ರಯೋಗದಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿ ಗೂಡಿಗೆ ಬಳಸುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿ ಆಂಟೆನಾ, ಶಾಲೆಯಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ಒಂದು ದೊಡ್ಡ ಸೆಟ್ಟು, ಅದರ ಮುಂದೆ ಇಡೀ ಊರು. ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ನಮ್ಮ ಕಡೆಗೆ ಆ ಪ್ರಯೋಗ ಬರಲಿಲ್ಲ.

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ ಆರಂಭವಾಯಿತು. ಮರುವರ್ಷ ಆಗಸ್ಟ್ 15ಕ್ಕೆ ರಾಷ್ಟ್ರೀಯ ಕಾರ್ಯಕ್ರಮ, ಬಣ್ಣದ ಪ್ರಸಾರ, ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ. 1983ರಲ್ಲಿ ಇನ್ಸಾಟ್-1ಬಿ ಮೇಲೇರಿತು. 1984ರಲ್ಲಿ ಕೆಲವು ತಿಂಗಳ ಕಾಲ ಸರಾಸರಿ ದಿನಕ್ಕೊಂದರಂತೆ ದೇಶದಲ್ಲಿ ಮರುಪ್ರಸಾರ ಕೇಂದ್ರಗಳು ತೆರೆದವು. ಲಕ್ಷಕ್ಕೆ ಮೀರಿದ ಜನರಿದ್ದ ಪಟ್ಟಣಗಳಿಗೆ ಮೊದಲ ಪಾಳಿ. ಹತ್ತಿಗಿರಣಿಗಳ ಊರಾದ ದಾವಣಗೆರೆ ಅಂಥ ಪಟ್ಟಣ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಇವು ಕಡಿಮೆ ಶಕ್ತಿಯ, ನೂರು ವಾಟಿನ ಟ್ರಾನ್ಸ್‌ಮಿಟರುಗಳು. ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನ ಆಚೆ ಚಿತ್ರ ನಿಲ್ಲುವುದು ಕಷ್ಟ. ಲೋಕಿಕೆರೆಯಂಥ ಹಳ್ಳಿಗಳು ಆ ವರ್ತುಲದೊಳಗೇ ಇದ್ದರೂ ಗಾಳಿ, ಮರ, ಮನೆಯ ಎತ್ತರ ಎಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು. ಮಾಳಿಗೆಯ ಮೇಲೆ ಒಬ್ಬರು ಆಂಟೆನಾ ತಿರುಗಿಸುವುದು, ಕೆಳಗಿನಿಂದ ಒಬ್ಬರು “ಬಂತು, ಬಂತು, ಹೋತು” ಎಂದು ಕೂಗುವುದು ಒಂದು ತಲೆಮಾರಿನ ನೆನಪು. ಎರಡು, ಈ ಕೇಂದ್ರಗಳು ಉಪಗ್ರಹದಿಂದ ಇಳಿಸಿಕೊಂಡು ಕೊಡುತ್ತಿದ್ದದ್ದು ದೆಹಲಿಯ ಪ್ರಸಾರವನ್ನು. ಬೆಂಗಳೂರಿನ ಗೋಪುರಕ್ಕೆ ಹತ್ತಿರ ಇದ್ದವರು ಕನ್ನಡ ಕಂಡರು. ದೂರದ ಪಟ್ಟಣಗಳಿಗೆ ಬಂದದ್ದು ಬಹುಮಟ್ಟಿಗೆ ಹಿಂದಿ. ಗೋಕಾಕ್ ಚಳವಳಿಯ ಬಿಸಿ ಆರುವ ಮೊದಲೇ ನಮ್ಮ ಹಳ್ಳಿಗಳ ಪಡಸಾಲೆಗೆ ಹಿಂದಿ ವಾರ್ತೆ ಬಂದು ಕೂತಿತು. ದೂರದರ್ಶನದ ಕಾರ್ಯಕ್ರಮಗಳನ್ನು ಪರಿಶೀಲಿಸಲು ನೇಮಿಸಿದ್ದ ಪಿ.ಸಿ. ಜೋಶಿ ಸಮಿತಿಯೂ ಎಂಬತ್ತರ ದಶಕದ ನಡುವಿನಲ್ಲಿ ಈ ದೆಹಲಿ ಕೇಂದ್ರಿತ ದೃಷ್ಟಿಯನ್ನು ಟೀಕಿಸಿತ್ತು. ರಾಜ್ಯದ ಎಲ್ಲ ಕಡೆಗೆ ಕನ್ನಡ ಕಾರ್ಯಕ್ರಮಗಳು ಉಪಗ್ರಹದ ಮೂಲಕ ಹರಡಿದ್ದು ತೊಂಬತ್ತರ ದಶಕ ಬಂದ ಮೇಲೆ.

*

1987ರ ಜನವರಿ 25ರಂದು ರಮಾನಂದ ಸಾಗರರ ‘ರಾಮಾಯಣ’ ಆರಂಭವಾಯಿತು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತಿತ್ತು. ಆ ಧಾರಾವಾಹಿಯ ಬಗ್ಗೆ ಎಷ್ಟೋ ಬರಹಗಳಿವೆ. ಬೀದಿಗಳು ಖಾಲಿಯಾದದ್ದು, ಟಿ.ವಿ.ಗೆ ಹೂ ಏರಿಸಿದ್ದು, ಊದಿನಕಡ್ಡಿ ಹಚ್ಚಿದ್ದು. ನಮ್ಮ ಓಣಿಯಲ್ಲೂ ಟಿ.ವಿ. ಇದ್ದ ಮನೆಯ ಪಡಸಾಲೆ ತುಂಬುತ್ತಿತ್ತಂತೆ. ಸಂದರ್ಶನಗಳಲ್ಲಿ ಗಂಡಸರೆಲ್ಲ ದೃಶ್ಯಗಳನ್ನು ವರ್ಣಿಸುತ್ತಾರೆ. ಹನುಮಂತ ಸಮುದ್ರ ಹಾರಿದ್ದು, ಬಾಣಕ್ಕೆ ಬಾಣ ತಾಗಿ ಕಿಡಿ ಹಾರಿದ್ದು.

ಅಜ್ಜಿಯನ್ನು ಕೇಳಿದಾಗ ಅವಳು ಹೇಳಿದ್ದು ಬೇರೆ. “ನಾನು ನೋಡಿಲ್ಲ. ಕೇಳೀನಿ.”

ಒಂಬತ್ತೂವರೆ ಎಂದರೆ ರೊಟ್ಟಿಯ ಹೊತ್ತು. ಹೊಲಕ್ಕೆ ಹೋಗುವವರಿಗೆ ಬುತ್ತಿ, ಮನೆಯವರಿಗೆ ಊಟ. ಅಷ್ಟು ಹೊತ್ತಿಗೆ ಮನೆಗೇ ಟಿ.ವಿ. ಬಂದಿತ್ತು, ಮರದ ಬಾಗಿಲು ಎಳೆದು ಮುಚ್ಚುವ ದೊಡ್ಡ ಕಪ್ಪು-ಬಿಳುಪು ಸೆಟ್ಟು. ಅದು ಪಡಸಾಲೆಯಲ್ಲಿತ್ತು, ಅವಳು ಒಳಗಿದ್ದಳು. ಶಂಖದ ಸದ್ದು, ಹಾಡು, ತನಗೆ ತಿಳಿಯದ ಹಿಂದಿ ಮಾತು ಗೋಡೆ ದಾಟಿ ಬರುತ್ತಿದ್ದವು. ಕಥೆ ಗೊತ್ತಿದ್ದುದರಿಂದ ಸದ್ದಿನ ಮೇಲೇ ಈಗ ಇಂಥದ್ದು ಎಂದು ಊಹಿಸುತ್ತಿದ್ದಳು. ನಡುವೆ ಒಮ್ಮೆ ಬಾಗಿಲಿಗೆ ಬಂದು ಇಣುಕಿದರೆ ಒಳಗೆ ರೊಟ್ಟಿ ಸೀಯುತ್ತಿತ್ತು. ರಾಮಾಯಣ 78 ಕಂತು, ಅದರ ಹಿಂದೆಯೇ ಬಂದ ಮಹಾಭಾರತ 94 ಕಂತು. ಇಷ್ಟೂ ಭಾನುವಾರಗಳನ್ನು ಅವಳು ಗೋಡೆಯ ಈಚೆ ಕಳೆದಳು.

ದೆಹಲಿಯ ಕುಟುಂಬಗಳ ನಡುವೆ ಕೆಲಸ ಮಾಡಿ ಪೂರ್ಣಿಮಾ ಮಂಕೇಕರ್ ಅವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಗಸರು ಮನೆಗೆಲಸದ ನಡುನಡುವೆ ಟಿ.ವಿ. ನೋಡುವ ರೀತಿಯನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ನಮ್ಮಲ್ಲಿ ಟಿ.ವಿ. ಚರಿತ್ರೆ ಎಂದರೆ ಸಾಮಾನ್ಯವಾಗಿ ‘ವೀಕ್ಷಕರ’ ಚರಿತ್ರೆ. ಗೋಡೆಯ ಈಚೆಯಿಂದ ಕೇಳಿಸಿಕೊಂಡವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂಬುದು ನನ್ನ ಪ್ರಬಂಧದಲ್ಲಿ ಈಗ ಒಂದು ಇಡೀ ಅಧ್ಯಾಯದ ಪ್ರಶ್ನೆಯಾಗಿದೆ.

ಹದಿನೈದು ವರ್ಷ ಕಳೆದ ಮೇಲೆ ಅಜ್ಜಿ ಆ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಬಿಡಿಸಿಕೊಂಡಳು. 2000–01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ಆರಂಭಿಸಿದ ಮೇಲೆ ಹಳ್ಳಿ ಹಳ್ಳಿಯಲ್ಲಿ ಹೆಂಗಸರ ಉಳಿತಾಯ ಗುಂಪುಗಳು ಹೆಚ್ಚಾದವು. ಹದಿನೈದು ಇಪ್ಪತ್ತು ಮಂದಿ ವಾರಕ್ಕಿಷ್ಟು ಎಂದು ಕೂಡಿಸಿ, ಕೂಡಿದ ದುಡ್ಡಿನಿಂದಲೇ ಒಬ್ಬರಿಗೊಬ್ಬರು ಸಾಲ ಕೊಟ್ಟುಕೊಳ್ಳುವುದು. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು. ಅಜ್ಜಿಯ ಕೈಗೆ ತನ್ನದೆನ್ನುವ ಸಾವಿರ ರೂಪಾಯಿ ಒಮ್ಮೆಗೇ ಬಂದದ್ದು ಜೀವನದಲ್ಲಿ ಅದೇ ಮೊದಲು.

ಟಿ.ವಿ.ಗೆ ಸಾಲ ಎಂದು ಬರೆಸುವಂತಿರಲಿಲ್ಲ. ಸಾಲ ಆದಾಯ ತರುವ ಕೆಲಸಕ್ಕಿರಬೇಕು ಎಂಬುದು ಗುಂಪಿನ ಮಾತು. ಅದಕ್ಕಿಂತ ಹೆಚ್ಚಾಗಿ, ಸುದ್ದಿ ಮನೆಗೆ ಮುಟ್ಟುವಂತಿರಲಿಲ್ಲ. ಅಂದಿನ ಲೆಕ್ಕ ಬರೆಯುತ್ತಿದ್ದ ಓಣಿಯ ಅತ್ತೆಯನ್ನು ನಾನು ಮೊನ್ನೆ ಮಾತಾಡಿಸಿದೆ. ಪಿಯುಸಿವರೆಗೆ ಓದಿದ್ದ ಅವರಿಗೆ ಆಗ ಹೊಸ ಸೊಸೆಯ ಪ್ರಾಯ. “ಹಿಂಡಿ ಅಂತ ಬರೆಯೋಣ ಅಂದಾಕೆ ನಾನೇ ನೋಡವ್ವಾ” ಎಂದು ನಕ್ಕರು. ಆಮೇಲೆ ಪುಸ್ತಕ ತೆಗೆದುಕೊಂಡು ಪುಟ ತಿರುವುತ್ತ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟರು. ಈ ಬೀಜ ಅಂದ್ರೆ ಮಗಳ ಹಾಸ್ಟೆಲ್ ಫೀಸು. ಈ ಗೊಬ್ಬರ ಅಂದ್ರೆ ಕಿವಿ ಓಲೆ. ಈ ಹಿಂಡಿ ಅಂದ್ರೆ ಮಿಕ್ಸರು. ಈ ಹಿಂಡಿ ಧರ್ಮಸ್ಥಳದ ಬಸ್ ಚಾರ್ಜು. ಈ ಹಿಂಡಿ ಖರೇನೇ ಹಿಂಡಿ. ಹೆಂಗಸರಿಗೆ ಬೇಕಾಗಿದ್ದದ್ದೆಲ್ಲ ಪುಸ್ತಕದಲ್ಲಿ ದನಕ್ಕೂ ಹೊಲಕ್ಕೂ ಬೇಕಾದದ್ದಾಗಿ ನಿಂತಿತ್ತು. ನಾನು ಆ ಪುಸ್ತಕದಿಂದ ‘ಗ್ರಾಮೀಣ ಮಹಿಳೆಯರ ಸಾಲದ ಉದ್ದೇಶಗಳು’ ಎಂದು ಆಗಲೇ ಒಂದು ಕೋಷ್ಟಕ ಮಾಡಿಟ್ಟಿದ್ದೆ. ಅದನ್ನು ಅಂದೇ ಅಳಿಸಿದೆ.

*

ಟಿ.ವಿ. ಮನೆಗೆ ಬಂದ ದಿನ ಜಗಳವಾಯಿತು. ಪಡಸಾಲೆಯಲ್ಲಿ ಆಗಲೇ ಬಣ್ಣದ ಟಿ.ವಿ. ಇತ್ತು. “ಒಂದು ಮನಿಗೆ ಎರಡು ಟಿ.ವಿ. ಅಂದ್ರೆ ಎರಡು ಒಲಿ ಹೂಡಿದಂಗ” ಎಂದ ಅಜ್ಜ. ನಮ್ಮ ಕಡೆ ಒಲೆ ಬೇರೆಯಾಯಿತು ಎಂದರೆ ಮನೆ ಪಾಲಾಯಿತು ಎಂದೇ ಅರ್ಥ. ನಾಲ್ಕು ಗಂಡುಮಕ್ಕಳ ತುಂಬಿದ ಮನೆಯಲ್ಲಿ ಆ ಮಾತು ಸಣ್ಣದಾಗಿರಲಿಲ್ಲ. ದುಡ್ಡು ಎಲ್ಲಿಂದ ಬಂತು ಎಂದು ದೊಡ್ಡಪ್ಪ ಕೇಳಿದ. ತವರಿನಿಂದ ಎಂದಳು ಅಜ್ಜಿ. ತವರಿನ ಹೆಸರು ಬಂದ ಮೇಲೆ ಯಾರೂ ಮುಂದೆ ಕೇಳಲಿಲ್ಲ. ಹೀಗೆ ಒಂದೇ ಖರೀದಿಗೆ ಎರಡು ಸಾಕ್ಷ್ಯಗಳು ಹುಟ್ಟಿದವು. ಬರವಣಿಗೆಯ ಸಾಕ್ಷ್ಯ ಹಿಂಡಿ ಎನ್ನುತ್ತದೆ, ಮನೆಯ ಬಾಯಿಮಾತು ತವರು ಎನ್ನುತ್ತದೆ. ಎರಡೂ ಸುಳ್ಳು.

ಸೆಟ್ಟು ಗೂಡಿನಲ್ಲಿ ಕೂತಿತು. ಏರಿಯಲ್ಲಿನ ತುದಿಗೆ ತಾಮ್ರದ ತಂತಿ ಕಟ್ಟಿ ಕಿಟಕಿಯ ಸರಳಿಗೆ ಸುತ್ತಿದರೆ ದಾವಣಗೆರೆಯ ಪ್ರಸಾರ ಚುಕ್ಕೆಗಳ ನಡುವೆ ಸ್ಪಷ್ಟವಾಗಿ ಬರುತ್ತಿತ್ತು. ಕನ್ನಡ ವಾರ್ತೆ, ‘ಚಿತ್ರಮಂಜರಿ’ಯ ಹಾಡು, ವಾರದ ಕನ್ನಡ ಸಿನಿಮಾ. ಪಡಸಾಲೆಯಲ್ಲಿ ಕೇಬಲ್ಲಿನ ಹತ್ತಾರು ಚಾನೆಲ್ಲುಗಳಿದ್ದವು. ಒಳಗೆ ಒಂದೇ, ಆದರೆ ರಿಮೋಟು ಇರಲಿಲ್ಲ, ಬದಲಿಸುವವರೂ ಇರಲಿಲ್ಲ. ಅವ್ವ, ದೊಡ್ಡವ್ವ, ಚಿಗವ್ವಂದಿರು ಕಾಯಿಪಲ್ಲೆ ಹೆಚ್ಚುತ್ತ ಅದರ ಮುಂದೆ ಕೂರುತ್ತಿದ್ದರು. ಒಳಗಿನಿಂದ ನಗು ಕೇಳಿದರೆ ಅಜ್ಜ ಕೆಮ್ಮುತ್ತಿದ್ದ.

ಅದೇ ಮಾರ್ಚ್ 23ರಂದು ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಫೈನಲ್ ಇತ್ತು. ಆಸ್ಟ್ರೇಲಿಯ ಎರಡು ವಿಕೆಟ್ಟಿಗೆ 359 ಹೊಡೆದು ನಿಂತಿತ್ತು. ಭಾರತದ ಬ್ಯಾಟಿಂಗ್ ಆರಂಭವಾಗುವ ಹೊತ್ತಿಗೆ ಊರಲ್ಲಿ ಕರೆಂಟು ಹೋಯಿತು. ಬೇಸಿಗೆಯಲ್ಲಿ ಅದು ಹೊಸದಲ್ಲ. ನನಗೆ ಆಗ ಆರು ವರ್ಷ. ಈ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಚಿಕ್ಕಪ್ಪ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದ. ಅಜ್ಜಿ ಪೇಟೆಯಿಂದ ತಂದಿಟ್ಟಿದ್ದ ಕ್ಲಿಪ್ಪಿನ ವೈರು ಹೊರಗೆ ಬಂತು. ಮನೆಯ ಗಂಡಸರೆಲ್ಲ, ಓಣಿಯ ನಾಲ್ಕೈದು ಹುಡುಗರೂ ಸೇರಿ ಅಡುಗೆಮನೆಯ ನೆಲದ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತರು. ಅಜ್ಜ ಒಲೆಯ ಪಕ್ಕ ಹಿಟ್ಟಿನ ಡಬ್ಬಿಗೆ ಒರಗಿ ಕೂತಿದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಮೊದಲ ಓವರಿನಲ್ಲೇ ಸಚಿನ್ ಔಟಾದ. ಐದೂವರೆ ಇಂಚಿನಲ್ಲಿ ಚೆಂಡು ಕಾಣುತ್ತಲೇ ಇರಲಿಲ್ಲ. ಮುಂದೆ ಕೂತವನು ಹೇಳಿದ್ದನ್ನು ಹಿಂದಿನವರು ಕೇಳಿಸಿಕೊಳ್ಳಬೇಕಿತ್ತು. ಭಾರತ 234ಕ್ಕೆ ಮುಗಿದು 125 ರನ್ನುಗಳಿಂದ ಸೋತಿತು. ಅಷ್ಟು ಹೊತ್ತೂ ಅಜ್ಜಿ ಒಲೆಯ ಮುಂದಿನ ತನ್ನ ಜಾಗ ಬಿಟ್ಟು ಕದಲಲಿಲ್ಲ, ರೊಟ್ಟಿ ತಟ್ಟುತ್ತಲೇ ಇದ್ದಳು. ಪರದೆಗೆ ಅತ್ಯಂತ ಹತ್ತಿರ ಇದ್ದವಳು ಅವಳೇ.

ಮರುದಿನ ದೊಡ್ಡಪ್ಪ, ಕರೆಂಟು ಹೋದಾಗ ಇರಲಿ ಎಂದು ಸೆಟ್ಟನ್ನು ಪಡಸಾಲೆಗೆ ಒಯ್ಯಲು ಬಂದ. ಅಜ್ಜಿ ಕೊಡಲಿಲ್ಲ. ಅವಳು ಕೂಗಾಡಲಿಲ್ಲವಂತೆ. “ಬೇಕಾದ್ರ ಇಲ್ಲೇ ಬಂದು ನೋಡ್ರಿ” ಎಂದಳಂತೆ. ಅಂದಿನ ಸಂಜೆ ಊಟಕ್ಕೆ ಯಾರೂ ಮಾತಾಡಲಿಲ್ಲ. ಸಾಲವನ್ನು ಮದುವೆ ಮನೆಗಳಿಗೆ ರೊಟ್ಟಿ ತಟ್ಟಿಕೊಟ್ಟು ತೀರಿಸಿದಳು. ಪುಸ್ತಕದಲ್ಲಿ ಹತ್ತು ತಿಂಗಳು ನೂರರಂತೆ ಅಸಲು, ಅದರ ಬಡ್ಡಿ, ತಪ್ಪದೆ ಜಮೆಯಾಗಿದೆ. ಸಾಲ ಸುಳ್ಳಿನಿಂದ ಬಂದರೂ ತೀರುವಳಿಯ ಸಾಲುಗಳೆಲ್ಲ ನಿಜ.

*

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 2004ರ ಕೊನೆಗೆ ದೂರದರ್ಶನದ ಉಚಿತ ಡಿಶ್ ಬಂತು. 2006ರಲ್ಲಿ ಪಕ್ಕದ ತಮಿಳುನಾಡು ಬಡ ಕುಟುಂಬಗಳಿಗೆ 14 ಇಂಚಿನ ಬಣ್ಣದ ಟಿ.ವಿ.ಯನ್ನು ಉಚಿತವಾಗಿ ಹಂಚತೊಡಗಿತು. ಆಮೇಲೆ ಚಪ್ಪಟೆ ಪರದೆ, ಆಮೇಲೆ ಮೊಬೈಲು. ಭೂಮಿಯ ಮೇಲಿನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ಪ್ರಸಾರ ಭಾರತಿ ಹಂತ ಹಂತವಾಗಿ ನಿಲ್ಲಿಸುತ್ತ ಬಂದು 2021–22ರಲ್ಲಿ ಬಹುತೇಕ ಎಲ್ಲವನ್ನೂ ಮುಚ್ಚಿತು. ಅಜ್ಜಿಯ ಸೆಟ್ಟು ಕೆಟ್ಟಿಲ್ಲ. ಈಗಲೂ ಹಚ್ಚಿದರೆ ಪರದೆ ಬೆಳಗುತ್ತದೆ, ಚುಕ್ಕೆಗಳು ಕುಣಿಯುತ್ತವೆ, ಸರ್‍ರೆಂದು ಸದ್ದು ಬರುತ್ತದೆ. ಅದಕ್ಕೆ ಕೇಳಿಸುವಂತೆ ಮಾತಾಡುವವರು ಉಳಿದಿಲ್ಲ.

ಅಜ್ಜಿಗೆ ಈಗ ಎಂಬತ್ತರ ಹತ್ತಿರ. ಫೆಲೋಶಿಪ್ಪಿನ ದುಡ್ಡು ಬಂದಾಗ ಅವಳಿಗೊಂದು ಪುಟ್ಟ ಟಿ.ವಿ. ಕೊಡಿಸಬೇಕೆಂದು ಹೊರಟೆ. ಸುಲಭ ಎಂದುಕೊಂಡಿದ್ದೆ. ದಾವಣಗೆರೆಯ ಅಂಗಡಿಗಳಲ್ಲಿ 24 ಇಂಚಿಗಿಂತ ಚಿಕ್ಕದನ್ನು ಕೇಳಿದರೆ ಮುಖ ನೋಡುತ್ತಾರೆ. “ಅಜ್ಜಿಗಾ? ಒಂದು ಮೊಬೈಲ್ ಕೊಡ್ಸಿಬಿಡಿ ಮೇಡಂ” ಎಂದ ಒಬ್ಬ. ಆನ್‌ಲೈನಿನಲ್ಲಿ ಒಂಬತ್ತು ಹತ್ತು ಇಂಚಿನ ಒಯ್ಯುವ ಟಿ.ವಿ.ಗಳು ಅಗ್ಗವಾಗಿ ಕಾಣುತ್ತವೆ. ಕೊಳ್ಳುವ ಮುನ್ನ ಒಂದು ಮಾತು ತಿಳಿದಿರಬೇಕು. ಅವುಗಳ ಏರಿಯಲ್ಲು ಹಿಡಿಯುವುದು ಭೂಮಿಯ ಮೇಲಿನ ಡಿಜಿಟಲ್ ಪ್ರಸಾರವನ್ನು. ನಮ್ಮ ದೇಶದಲ್ಲಿ ದೂರದರ್ಶನ ಅದನ್ನು 2016ರಲ್ಲಿ ಬೆಂಗಳೂರೂ ಸೇರಿ ಕೆಲವೇ ನಗರಗಳಲ್ಲಿ ಆರಂಭಿಸಿತು. ಲೋಕಿಕೆರೆಯಲ್ಲಿ ಆ ಏರಿಯಲ್ಲು ಬರೀ ಕಡ್ಡಿ. ಪೆನ್‌ಡ್ರೈವಿನಲ್ಲಿ ಸಿನಿಮಾ ತುಂಬಿಕೊಟ್ಟರೆ ತೋರಿಸುತ್ತದೆ, ಅಷ್ಟೆ.

ಉಳಿದ ದಾರಿ ಎಂದರೆ ಸೋಲಾರಿಗೆ, ಲಾರಿಗೆ ಎಂದು ಜೋಡಿಸಿ ಮಾರುವ 12 ವೋಲ್ಟಿನ 17 ಇಂಚಿನ ಸೆಟ್ಟು ಮತ್ತು ಮಾಳಿಗೆಯ ಮೇಲೆ ಆಗಲೇ ಇದ್ದ ಉಚಿತ ಡಿಶ್. ಅದನ್ನೇ ತಂದೆ. ಡಿಶ್ ಹುಡುಗ ಬಂದು, ಪಡಸಾಲೆಯ ಬಾಕ್ಸಿನಿಂದಲೇ ಒಂದು ವೈರು ಎಳೆದುಬಿಡುತ್ತೇನೆ ಎಂದ. ಹಾಗೆ ಮಾಡಿದರೆ ಪಡಸಾಲೆಯವರು ಹಾಕಿದ ಚಾನೆಲ್ಲೇ ಅಡುಗೆಮನೆಗೂ. ಬೇರೆ ನೋಡಬೇಕಾದರೆ ಛತ್ರಿಯ ತಲೆಗೆ ಎರಡು ಬಾಯಿಯ ಎಲ್‌ಎನ್‌ಬಿ, ಒಳಗೆ ಇನ್ನೊಂದು ಬಾಕ್ಸು. ಖರ್ಚು ಯಾಕೆ, ಒಂದರಲ್ಲೇ ಆಗುತ್ತದಲ್ಲ ಎಂದು ಚಿಕ್ಕಪ್ಪ. ಇಪ್ಪತ್ತು ವರ್ಷ ಕಳೆದರೂ ಜಗಳ ಒಲೆಯ ಹತ್ತಿರವೇ ಇದೆ ಅನ್ನಿಸಿತು. ಎರಡನೇ ಬಾಕ್ಸು ಹಾಕಿಸಿದೆ. ದುಡ್ಡು ಎಲ್ಲಿಯದು ಎಂದು ಕೇಳಿದವರಿಗೆ ಫೆಲೋಶಿಪ್ಪಿನದು ಎಂದೆ. ನನಗೆ ಹಿಂಡಿಯ ಹೆಸರು ಬೇಕಾಗಲಿಲ್ಲ. ಅಜ್ಜಿಗೂ ನನಗೂ ನಡುವೆ ನಡೆದ ಬದಲಾವಣೆ ಅಷ್ಟು ಎಂದು ಲೆಕ್ಕ ಹಾಕಬಹುದು.

ಹೊಸ ಸೆಟ್ಟಿಗೆ ಗೂಡು ಖಾಲಿ ಮಾಡುವಾಗ ಹಳೆಯದರ ಹಿಂಬದಿಯ ಬ್ಯಾಟರಿ ಗೂಡಿನಲ್ಲಿ ಮಡಿಸಿದ ಕಾಗದ ಸಿಕ್ಕಿತು. ಅಂಗಡಿಯ ಬಿಲ್ಲು. 2003ರ ಫೆಬ್ರುವರಿ ತಿಂಗಳು, ಸಾಲ ತೆಗೆದ ಮೂರು ವಾರಕ್ಕೆ. ಮೊತ್ತ 880. ಸಂಶೋಧಕರಿಗೆ ಇಂಥ ಕಾಗದ ಸಿಕ್ಕಾಗ ಆಗುವ ಸಂತೋಷವನ್ನು ಹೇಳುವುದು ಕಷ್ಟ. ಪುಸ್ತಕ ಸುಳ್ಳು, ಬಾಯಿಮಾತು ಸುಳ್ಳು, ಕೊನೆಗೆ ಒಂದು ನಿಜ ಕೈಗೆ ಬಂತು. ಅಂದೇ ರಾತ್ರಿ ಟಿಪ್ಪಣಿ ಬರೆದೆ. ಸಾಲ ಸಾವಿರ, ಸೆಟ್ಟಿಗೆ 880, ಉಳಿದ 120ರಲ್ಲಿ ಬ್ಯಾಟರಿ ವೈರು, ಬಸ್ ಚಾರ್ಜು, ಮಂಡಕ್ಕಿ. ಖರೀದಿಗೆ ಆಕೆ ಒಬ್ಬಳೇ ಹೋಗಿದ್ದಳು.

ಇದನ್ನೆಲ್ಲ ಬರೆಯಲು ಅವಳ ಒಪ್ಪಿಗೆ ಬೇಕಿತ್ತು. ಅಜ್ಜ ಈಗಿಲ್ಲ. ದೊಡ್ಡಪ್ಪನಿಗೆ ತವರಿನ ಕಥೆಯೇ ಈಗಲೂ ನಿಜ. ಟಿಪ್ಪಣಿಯನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರಿ. ಸಾಲ ಇಟ್ಕೊಂಡಿಲ್ಲಲ್ಲ, ಅಂಜೋದ್ಯಾಕ” ಎಂದಳು. ಆಮೇಲೆ, “ಎಷ್ಟಂತ ಬರದಿ?” ಎಂದು ಕೇಳಿದಳು.

“ಎಂಟುನೂರ ಎಂಬತ್ತು. ಬಿಲ್ಲಿನಾಗ ಐತಿ.”

“ಬಿಲ್ಲಿನಾಗ ಇರ್ಲಿ. ನಾನು ಕೊಟ್ಟಿದ್ದು ಎಂಟುನೂರ ಐವತ್ತು. ಅವ ಬಿಲ್ ಬರದ ಮ್ಯಾಲ ಮೂವತ್ತು ಮುರಿಸಿದೆ.”

“ಹಂಗಾದ್ರ ಆ ಮೂವತ್ತು?”

“ನೀನು ಕಾಲು ನೋವು ಅಂತ ಅಲ್ಲೇ ರಸ್ತಿಮ್ಯಾಲ ಕುಂತಿ. ಬೆಣ್ಣಿದೋಸಿ ತಿನಿಸಿ ಕರ್ಕೊಂಡು ಬಂದೆ. ನೆನಪಿಲ್ಲೇನು?”

ನನಗೆ ನೆನಪಿಲ್ಲ. ಟಿಪ್ಪಣಿಯಲ್ಲಿ ‘ಒಬ್ಬಳೇ’ ಎಂಬುದನ್ನು ಹೊಡೆದುಹಾಕಿದೆ.